ಮೂರನೆಯ ಕಮಾನು

ಹಾಲ್‌ಕೂಂಬ್, ಡೆವನ್
3 ಏಪ್ರಿಲ್ 1988

ಮಿಸ್ಟರ್ ಹ್ಯಾಡೊ ಅವರಿಗೆ,

ಕ್ರೋಕೆ ಕ್ಲಬ್ಬಿನ ಕಾರ್ಯದರ್ಶಿಯಾಗಿ ಈ ಪತ್ರ ಬರೆಯುತ್ತಿದ್ದೇನೆ. ಬೇರೆ ಯಾವ ನಂಟಿನಿಂದಲೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೊಡತಿ ಇಡುವ ಕೋಣೆಗೆ ಈ ವರ್ಷ ಬಣ್ಣ ಹೊಡೆಸುತ್ತಿದ್ದೇವೆ. ಹನ್ನೊಂದನೆಯ ಗೂಡಿನಲ್ಲಿ ನಿಮ್ಮ ಕೊಡತಿ ನೀವು ಬಿಟ್ಟುಹೋದ ಹಾಗೇ ಇದೆ. ಹಿಡಿಯ ದಾರ ಬಿಚ್ಚಿದೆ, ತಲೆಯ ಒಂದು ಕಡೆ ಸಣ್ಣ ಬಿರುಕು. ಅಲ್ಲಿಗೆ ಕಳಿಸಬೇಕೋ, ಇಲ್ಲೇ ಯಾರಿಗಾದರೂ ಕೊಡಬೇಕೋ ತಿಳಿಸಿ. ಒಂದು ಸಾಲು ಸಾಕು.

ಇಷ್ಟಕ್ಕೇ ನಿಲ್ಲಿಸುವುದೆಂದು ಕುಳಿತಿದ್ದೆ. ಆದರೆ ಇವತ್ತು ಹುಲ್ಲುಹಾಸಿನಲ್ಲಿ ಕಮಾನು ನೆಡುವ ದಿನ. ಆರನ್ನೂ ನಾನೇ ನೆಟ್ಟೆ. ಕಂಬಿಗಳ ನಡುವೆ ಚೆಂಡು ತೂರಿಸಿ ನೋಡುವಾಗ ಪ್ರತಿ ವರ್ಷ ನನ್ನ ಹೆಂಡತಿ ಎನಿಡ್ ಹೇಳುತ್ತಿದ್ದ ಮಾತು ನೆನಪಾಯಿತು. "ನಮ್ಮಜ್ಜಿಯ ಕಾಲದಲ್ಲಿ ಈ ಕಮಾನಿನಲ್ಲಿ ಹಂದಿಮರಿ ದಾಟ್ತಿತ್ತಂತೆ ಕಣ್ರೀ. ಈಗ ನೋಡಿ, ಚೆಂಡಿಗೆ ಉಸಿರು ಬಿಡೋಕೂ ಜಾಗ ಇಲ್ಲ." ನಿಜ. ಆಗ ಅದು ಪಾದ್ರಿಯ ಹೆಣ್ಣುಮಕ್ಕಳೂ ಸೇನೆಯ ತರುಣರೂ ಚಹಾದ ಹೊತ್ತಿಗೆ ಹುಡುಗಾಟ ಮಾಡಲು ಇದ್ದ ಆಟ. ಆಮೇಲೆ ಯಾರೋ ಕಮಾನು ಕಿರಿದು ಮಾಡಿದರು, ಯಾರೋ ನಿಯಮ ಬರೆದರು, ಆಟಕ್ಕೆ ಹಲ್ಲು ಬಂತು. ಕ್ಲಬ್ಬಿನ ಬಾಗಿಲ ಮೇಲೆ ಲ್ಯಾಟಿನ್‌ನಲ್ಲಿ ಒಂದು ಸಾಲಿದೆಯಲ್ಲ, ಕಾಲೇಜಿನಲ್ಲಿ ಓದಿದ್ದು ಅರ್ಧ ಮರೆತು ಈಗ ಅದರ ಅರ್ಥವೂ ಹೊಳೆಯುವುದಿಲ್ಲ. ನಿಯಮದ ಬಗ್ಗೆಯೇ ಏನೋ ಇರಬೇಕು.

ನಿಯಮ ನನಗೂ ಗೊತ್ತು ಮಿಸ್ಟರ್ ಹ್ಯಾಡೊ. ಕೊಡತಿಯಿಂದ ಹೊಡೆದ ಚೆಂಡು ಆರು ಕಮಾನುಗಳನ್ನೂ ಒಂದರ ನಂತರ ಒಂದಾಗಿ ದಾಟಬೇಕು. ಎದುರಾಳಿ ತಪ್ಪು ಕಮಾನಿಗೆ ಹೊರಟಿದ್ದರೆ ಸರದಿ ಕಾಯುತ್ತ ಕುರ್ಚಿಯಲ್ಲಿ ಕೂತವನು ತುಟಿ ಬಿಚ್ಚಬಾರದು. ಚೆಂಡು ದಾಟಿದ ಮೇಲೆ ಎದ್ದು ಹೇಳಬೇಕು. ನೀವು ಹಾಗೆಯೇ ಮಾಡಿದಿರಿ. 1986ರ ಸೆಪ್ಟೆಂಬರ್, ಬೆಳ್ಳಿ ಲೋಟದ ಫೈನಲ್, ಬೇಲಿಯ ಸುತ್ತ ನಲವತ್ತು ಜನ ಚಹಾ ಹಿಡಿದು ಕೂತಿದ್ದರು. ಮುಂದೆ ದಾಟಬೇಕಾದ ಕಮಾನಿನ ಗುರುತಾದ ಎನಿಡ್‌ಳ ಹಳದಿ ಕ್ಲಿಪ್ ಮೂರನೆಯ ಕಮಾನಿನ ಮೇಲಿತ್ತು. ಅವಳು ನಾಲ್ಕಕ್ಕೆ ಹೊರಟಳು. ಇಡೀ ಊರಿಗೆ ಕಾಣುತ್ತಿತ್ತು, ಅವಳಿಗೊಬ್ಬಳಿಗೆ ಕಾಣಲಿಲ್ಲ. ನೀವು ಚೆಂಡು ದಾಟುವವರೆಗೂ ಸುಮ್ಮನಿದ್ದು, ಆಮೇಲೆ ಎದ್ದು ನಿಂತು, "ಎನಿಡ್, ನಿನಗಿನ್ನೂ ಮೂರು ಬಾಕಿ" ಎಂದಿರಿ. ನಲವತ್ತು ಬಟ್ಟಲು ಒಟ್ಟಿಗೆ ತಟ್ಟೆಗಿಳಿದ ಸದ್ದು ನನಗೆ ಈಗಲೂ ಕೇಳುತ್ತದೆ.

ಆ ದಿನ ಅವಳು ಕೈಗವಸನ್ನೂ ಮರೆತು ಬಂದಿದ್ದಳು. ಬರಿಗೈಯಲ್ಲಿ ಕೊಡತಿ ಹಿಡಿದು ನಿಂತಿದ್ದಳು. ಮತ್ತೆ ಎಂದೂ ಮುಟ್ಟಲಿಲ್ಲ. ನಾಲ್ಕು ತಿಂಗಳಲ್ಲಿ ಹೋಗಿಬಿಟ್ಟಳು. ಡಾಕ್ಟರು ನ್ಯುಮೋನಿಯಾ ಎಂದು ಬರೆದರು. ನಾನು ಬೇರೆ ಬರೆದುಕೊಂಡಿದ್ದೇನೆ.

ನೀವು ಮೂವತ್ತೊಂದು ವರ್ಷ ನಮ್ಮ ಮನೆಯಲ್ಲಿ ಭಾನುವಾರದ ಊಟ ಮಾಡಿದವರು. ನಿಮ್ಮ ನಿಯಮದ ಪುಸ್ತಕದಲ್ಲಿ ಅದಕ್ಕೆ ಯಾವ ಕಲಮೂ ಇರಲಿಲ್ಲವೇ?

ಕೊಡತಿಯ ವಿಷಯ ತಿಳಿಸಿ.

ಇತಿ,
ಎಲ್. ಟ್ರೆಮ್ಲೆಟ್
ಕಾರ್ಯದರ್ಶಿ

*

ಥಾರ್ನ್‌ಬೆಕ್, ಕಂಬ್ರಿಯಾ
19 ಏಪ್ರಿಲ್ 1988

ಲಯನೆಲ್,

ಮಿಸ್ಟರ್ ಹ್ಯಾಡೊ ಅಂತೆ! ನನ್ನ ಅಣ್ಣನ ಮಗಳು ರೋವೆನಾ ಪತ್ರ ತಂದುಕೊಟ್ಟು "ಯಾರೋ ವಕೀಲರು ಬರೆದಿದಾರೆ ಚಿಕ್ಕಪ್ಪ" ಎಂದಳು. "ವಕೀಲನಲ್ಲಮ್ಮ, ನನ್ನ ಗೆಳೆಯ" ಎಂದೆ.

ಕೊಡತಿ ಅಲ್ಲೇ ಇರಲಿ. ಇಲ್ಲಿ ಇರುವುದೆಲ್ಲ ಗುಡ್ಡ, ಕುರಿ. ಒಂದು ಬಾಗಿಲಗಲದಷ್ಟು ಸಮತಟ್ಟಾದ ಹುಲ್ಲು ಸಿಕ್ಕುವುದಿಲ್ಲ.

ಉಳಿದದ್ದಕ್ಕೆ ಉತ್ತರ ಕೊಡುವುದಿಲ್ಲ ಅಂತ ಎರಡು ವಾರ ಹಟ ಹಿಡಿದೆ. ಅವಳ ಮಣ್ಣಿಗೆ ಬಂದಾಗ ನಾನು ಚಾಚಿದ ಕೈ ನೀನು ಹಿಡಿಯಲಿಲ್ಲ. ಆಗಲೂ ನಾನು ಏನೂ ಹೇಳಲಿಲ್ಲ. ಈಗ ಇಷ್ಟು ಮಾತ್ರ ಹೇಳುತ್ತೇನೆ. ಎನಿಡ್ ಆ ದಿನ ಕೈಗವಸು ಮರೆತಿರಲಿಲ್ಲ. ನಾನು ಎದ್ದು ಹೇಳಿದ್ದು ಬರೀ ನಿಯಮಕ್ಕಾಗಿಯೂ ಅಲ್ಲ. ಅವಳೇ ಕೇಳಿಕೊಂಡಿದ್ದಳು. ಅವಳು ಬರೆದ ಕಾಗದ ನನ್ನ ಹತ್ತಿರ ಇದೆ.

ಅದನ್ನು ಕೇಳಬೇಡ. ಓದಿದರೆ ನಿನಗೆ ಒಳ್ಳೆಯದಾಗುವುದಿಲ್ಲ.

ನಿನ್ನ,
ಬೇಸಿಲ್

*

ಹಾಲ್‌ಕೂಂಬ್
2 ಮೇ 1988

ಬೇಸಿಲ್,

ಸುಳ್ಳು. ಅಂಥ ಕಾಗದ ಇದ್ದಿದ್ದರೆ ನನಗೆ ಗೊತ್ತಿರುತ್ತಿತ್ತು. ನಲವತ್ನಾಲ್ಕು ವರ್ಷ ಒಂದೇ ಟೀಪಾಟಿನಿಂದ ಕುಡಿದವರು ನಾವು. ನನಗೆ ಹೇಳದೆ ಅವಳು ಒಂದು ಗುಲಾಬಿ ಗಿಡವನ್ನೂ ಕತ್ತರಿಸಿದವಳಲ್ಲ.

ಅವಳಿಗೆ ಮರೆವು ಬಂದಿತ್ತು, ಹೌದು. ನನಗೆ ಗೊತ್ತಿತ್ತು. ಯಾರಿಗೂ ತಿಳಿಯದ ಹಾಗೆ ಎರಡು ವರ್ಷ ಕಾಪಾಡಿದವನು ನಾನು. ಅಂಗಡಿಯ ಚೀಟಿಯನ್ನು ಅವಳ ಕೈಬರಹದ ಹಾಗೆ ಕಾಣುವಂತೆ ನಾನೇ ಬರೆಯುತ್ತಿದ್ದೆ. ಚರ್ಚಿನಲ್ಲಿ ಎದುರು ಬಂದವರ ಹೆಸರು ಅವಳಿಗಿಂತ ಮೊದಲೇ ನಾನು ಕೂಗುತ್ತಿದ್ದೆ. ಶ್ರೀಮತಿ ಪಾಸ್ಕೊ ಒಮ್ಮೆ ನಕ್ಕು, "ಏನ್ ಲಯನೆಲ್, ನಿನ್ ಹೆಂಡ್ತಿಗೆ ಬಾಯಿ ಇಲ್ವಾ? ನಮಸ್ಕಾರಾನೂ ನೀನೇ ಹೇಳ್ತೀಯ!" ಎಂದು ಹಂಗಿಸಿದ್ದಳು. ಹಂಗಿಸಲಿ. ಎನಿಡ್ ಒಂದು ದಿನವೂ ತಲೆ ತಗ್ಗಿಸಬೇಕಾಗಿ ಬರಲಿಲ್ಲ, ನೀನು ಕುರ್ಚಿಯಿಂದ ಏಳುವವರೆಗೆ.

ಕಾಗದ ಇದ್ದರೆ ಕಳಿಸು. ಇಲ್ಲದಿದ್ದರೆ ಇಲ್ಲ ಎಂದು ಒಪ್ಪಿಕೊ.

ಲಯನೆಲ್

*

ಥಾರ್ನ್‌ಬೆಕ್
30 ಮೇ 1988

ಲಯನೆಲ್,

ತಡವಾಯಿತು. ಬಚ್ಚಲಿನಲ್ಲಿ ಬಿದ್ದೆ. ಮಿದುಳಿನಲ್ಲಿ ಎಲ್ಲೋ ಸಣ್ಣದಾಗಿ ರಕ್ತ ಕಟ್ಟಿದೆಯಂತೆ. ಎಡಗೈ ಸರಿಯಾಗಿ ಏಳುವುದಿಲ್ಲ. ರೋವೆನಾ ಮನೆಯ ಮೆಟ್ಟಿಲು ಹತ್ತಲಾಗದೆ ಈಗ ಇದೇ ಊರಿನ ಒಂದು ವೃದ್ಧರ ಮನೆಯಲ್ಲಿದ್ದೇನೆ. ಊಟಕ್ಕೆ ದಿನಾ ಬೇಯಿಸಿದ ಕೋಸು. ಇರಲಿ.

ನೀನು ಕಳಿಸು ಎಂದೆ, ಕಳಿಸುತ್ತಿದ್ದೇನೆ. ಮೂಲವನ್ನು ನಾನು ಇಟ್ಟುಕೊಳ್ಳುತ್ತೇನೆ, ಅದು ನನಗೆ ಬರೆದದ್ದು. ಕೆಳಗೆ ಅಕ್ಷರ ಬಿಡದೆ ನಕಲು ಮಾಡಿದ್ದೇನೆ. 21 ಆಗಸ್ಟ್ 1986 ಎಂಬ ತಾರೀಕಿದೆ.

"ಬೇಸಿಲ್, ಫೈನಲ್‌ನಲ್ಲಿ ನೀನು ಎದುರು ಬಿದ್ದದ್ದು ಒಳ್ಳೆಯದಾಯಿತು. ನನಗೆ ಮರೆವು ಹತ್ತಿದೆ. ಎಷ್ಟು ಎಂಬುದು ಮಾತ್ರ ಗೊತ್ತಾಗುತ್ತಿಲ್ಲ, ಅದೇ ನನ್ನ ಸಂಕಟ. ಜೂನ್‌ನಿಂದ, ಮುಂದೆ ದಾಟಬೇಕಾದ ಕಮಾನಿನ ಸಂಖ್ಯೆಯನ್ನು ಕೈಗವಸಿನ ಅಂಚಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತೇನೆ. ಸಂಜೆ ಲಯನೆಲ್ ಜೊತೆ ಆಡುವಾಗ ನೋಡುತ್ತೇನೆ, ಕೈಗವಸಿನಲ್ಲಿ ಮೂರು ಎಂದಿದೆ, ನಾನು ನಾಲ್ಕು ದಾಟಿ ನಿಂತಿದ್ದೇನೆ, ನನ್ನ ಹಳದಿ ಕ್ಲಿಪ್ ಆಗಲೇ ಐದರ ಮೇಲೆ ಕೂತಿದೆ. 'ನಾನು ಮೂರು ದಾಟಿದ್ನೇನ್ರೀ?' ಅಂದರೆ, 'ದಾಟಿದೆಯಲ್ಲ ಚಿನ್ನ, ಎಂಥಾ ಹೊಡೆತ ಅದು, ಆಡು ಆಡು' ಅನ್ನುತ್ತಾನೆ. ಇದು ಒಂದು ಸಲವಲ್ಲ. ಕ್ಲಿಪ್ ಅವನು ಸರಿಸುತ್ತಾನೋ, ಅಥವಾ ನಾನು ದಾಟಿದ್ದೇ ನನಗೆ ನೆನಪಿಲ್ಲವೋ? ಕೈಗವಸನ್ನು ನಂಬಿದರೆ ಗಂಡ ಸುಳ್ಳ. ಗಂಡನನ್ನು ನಂಬಿದರೆ ನಾನು ಹುಚ್ಚಿ. ಎರಡರಲ್ಲಿ ಯಾವುದು ಎಂದು ತಿಳಿಯದೆ ಬದುಕುವುದಿದೆಯಲ್ಲ, ಬೇಸಿಲ್, ಅದು ಮರೆವಿಗಿಂತ ಕೆಟ್ಟದ್ದು.

ನಾನು ಎಲ್ಲಿದ್ದೇನೆ ಎಂದು ನಿಜ ಹೇಳುವವರು ಒಬ್ಬರಾದರೂ ಬೇಕು. ಆ ದಿನ ಕೈಗವಸು ಹಾಕದೆ ಬರುತ್ತೇನೆ. ತಪ್ಪಿದರೆ ಎಲ್ಲರೆದುರೂ ನಿಲ್ಲಿಸು. ಕನಿಕರ ಪಡಬೇಡ. ಲಯನೆಲ್‌ಗೆ ಹೇಳಬೇಡ, ಅವನು ಪ್ರೀತಿಯಿಂದ ಮಾಡುತ್ತಿದ್ದಾನೆ, ಅದೇ ತೊಂದರೆ. ಎನಿಡ್."

ನಾನು ಎದ್ದು ಹೇಳಿದಾಗ ಅವಳು "ಥ್ಯಾಂಕ್ಯೂ ಬೇಸಿಲ್" ಎಂದದ್ದು ನಿನಗೆ ಕೇಳಿಸಿತ್ತು. ಮರ್ಯಾದೆಗೆ ಅಂದಳು ಎಂದುಕೊಂಡೆ ನೀನು.

ಈಗ ನನ್ನದೊಂದು ಕೋರಿಕೆ. ಡಾಕ್ಟರು ಹೇಳಿದ್ದಾರೆ, ಬರುವ ತಿಂಗಳುಗಳಲ್ಲಿ ನನ್ನ ತಲೆಯೂ ಕೈಕೊಡಬಹುದಂತೆ. ಇಲ್ಲಿನ ದಾದಿಯರು ಏನು ಕೇಳಿದರೂ "ಹೌದು ತಾತ, ಹೌದು ತಾತ" ಅನ್ನುತ್ತಾರೆ. ನಿನ್ನೆ ಒಬ್ಬಾಕೆಗೆ, "ನಾನು ಇಂಗ್ಲೆಂಡಿನ ದೊರೆ ಕಣಮ್ಮ" ಎಂದು ಪರೀಕ್ಷೆ ಮಾಡಿದೆ. "ಹೌದು ತಾತ, ಗಂಜಿ ಕುಡೀರಿ" ಎಂದಳು. ನಾನು ದಾರಿ ತಪ್ಪಿದರೆ ನೀನು ನಿಲ್ಲಿಸಬೇಕು, ಲಯನೆಲ್. ನನ್ನನ್ನು ಬಲ್ಲವರಲ್ಲಿ ನೀನೊಬ್ಬನೇ ಉಳಿದಿರುವುದು. ಕನಿಕರ ಬೇಡ. ಮಾತು ಕೊಡು.

ಬೇಸಿಲ್

*

ಹಾಲ್‌ಕೂಂಬ್
11 ಜುಲೈ 1988

ಬೇಸಿಲ್,

ಆರು ವಾರವಾಯಿತು. ಈ ಪತ್ರವನ್ನು ಎಷ್ಟು ಸಲ ಶುರುಮಾಡಿದೆನೋ. ಒಮ್ಮೆ ಹವಾಮಾನದಿಂದ, ಒಮ್ಮೆ ಶ್ರೀಮತಿ ಪಾಸ್ಕೊ ಮಾಡಿದ ಕೆಟ್ಟ ಕೇಕಿನಿಂದ, ಒಮ್ಮೆ ಹುಲ್ಲುಹಾಸಿಗೆ ಬಿದ್ದ ಹುಳದಿಂದ. ಹುಳವಂತೂ ನಿಜ, ಎರಡನೆಯ ಕಮಾನಿನ ಸುತ್ತ ಹಳದಿಯಾಗಿ ಸುಟ್ಟಂತಾಗಿದೆ.

ಸರಿಸಿದ್ದೆ. ಹೌದು.

ಅವಳು ತಪ್ಪು ಕಮಾನು ದಾಟಿ ಚೆಂಡಿನ ಹಿಂದೆ ನಡೆಯುವಾಗ ನಾನು ನಿಧಾನವಾಗಿ ಹೋಗಿ ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡು, ಮುಂದಿನದಕ್ಕೆ ಸಿಕ್ಕಿಸುತ್ತಿದ್ದೆ. ಹೆಬ್ಬೆರಳಿನಿಂದ ಒತ್ತಿ ಹಾಕಿದರೆ ಸದ್ದಾಗುವುದಿಲ್ಲ. ಅಷ್ಟು ಅಭ್ಯಾಸವಾಗಿತ್ತು. ಅವಳು ಕೈಗವಸು ನೋಡಿಕೊಂಡು ನಿಲ್ಲುವುದನ್ನೂ ಕಂಡಿದ್ದೆ. ಹೊಲಿಗೆ ಬಿಟ್ಟಿದೆಯೇನೋ ಎಂದುಕೊಂಡೆ. ಒಮ್ಮೆಯಂತೂ, "ಹೊಸ ಜೊತೆ ಕೊಡಿಸ್ಲಾ?" ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಬೇಡ ಬಿಡಿ" ಎಂದಳು.

ನಿನ್ನ ಪತ್ರ ಬಂದ ದಿನ ಅವಳ ಡ್ರಾಯರ್ ತೆಗೆದೆ. ಇಷ್ಟು ದಿನ ತೆಗೆದಿರಲಿಲ್ಲ. ಕೈಗವಸು ಇತ್ತು. ಅಂಚಿನ ಮೇಲೆ ಪೆನ್ಸಿಲ್ಲಿನ ಮೂರು. ಅದರ ಮೇಲೆ ಒಂದು ಗೀರು. ಗೀರಿನ ಪಕ್ಕ ಮತ್ತೆ ಮೂರು. ಮತ್ತೆ ಗೀರು. ಬಟ್ಟೆ ಹರಿಯುವವರೆಗೆ ಹಾಗೇ.

ಇನ್ನು ಏನು ಹೇಳಲಿ? ನಿನ್ನನ್ನು ದ್ವೇಷಿಸಿಕೊಂಡು ಒಂದೂವರೆ ವರ್ಷ ಹೇಗೋ ಬೆಳಗ್ಗೆ ಏಳುತ್ತಿದ್ದೆ. ಈಗ ಏಳಲು ಅದೂ ಇಲ್ಲ. ಕ್ಷಮಿಸು ಎನ್ನಬೇಕಾದದ್ದು ನಿನಗಲ್ಲ, ಅವಳಿಗೆ. ನಿನಗೂ ಹೇಳುತ್ತೇನೆ. ಕ್ಷಮಿಸು.

ನೀನು ಕೇಳಿದ ಮಾತು ಕೊಟ್ಟಿದ್ದೇನೆ. ನೀನು ತಪ್ಪಿದರೆ ನಿಲ್ಲಿಸುತ್ತೇನೆ. ಅವಳಿಗೆ ಮಾಡದ್ದನ್ನು ನಿನಗಾದರೂ ಮಾಡುತ್ತೇನೆ. ಇದೊಂದು ಕೆಲಸ ನನಗೆ ಉಳಿದಿದೆ ಎಂದುಕೊಳ್ಳುತ್ತೇನೆ.

ನಿನ್ನ,
ಲಯನೆಲ್

*

ಥಾರ್ನ್‌ಬೆಕ್
7 ಆಗಸ್ಟ್ 1988

ಪ್ರೀತಿಯ ಲಯನೆಲ್,

ನಿನ್ನ ಪತ್ರ ಓದಿದೆ. ಅಷ್ಟು ಬೈದುಕೊಳ್ಳಬೇಡ ಮಾರಾಯ. ಹುಳಕ್ಕೆ ಸಾಬೂನು ನೀರು ಹಾಕು, ಹಳೆಯ ಮಾಲಿ ಹಾಗೇ ಮಾಡುತ್ತಿದ್ದ.

ಇಲ್ಲಿ ಊಟದ ಕೋಣೆಯ ಜಮಖಾನದ ಮೇಲೆ ಕ್ರೋಕೆ ಕಲಿಸುತ್ತಿದ್ದೇನೆ. ಕೊಡತಿಗೆ ಬದಲು ಊರುಗೋಲು, ಕಮಾನಿಗೆ ಕುರ್ಚಿಕಾಲು, ಚೆಂಡಿಗೆ ಕಿತ್ತಳೆ. ತೊಂಬತ್ತು ವರ್ಷದ ಮುದುಕಿಯೊಬ್ಬಳು ನನ್ನ ಕಿತ್ತಳೆಗೆ ತನ್ನದನ್ನು ತಾಗಿಸಿ ಸೋಫಾ ಕೆಳಗೆ ಅಟ್ಟಿಬಿಟ್ಟಳು. "ಹೋಗಿ ಹುಡುಕ್ಕೊಳೋ ಕತ್ತೆ" ಎಂದಳು. ಆಟದ ಜೀವ ಅವಳಿಗೆ ಸಿಕ್ಕಿದೆ.

ಎಡಗೈ ಪರವಾಗಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಅಲ್ಲಿಗೆ ಬರುವ ಆಸೆ. ಎನಿಡ್‌ಗೆ ಹೇಳು, ಈ ಸಲ ಲೋಟ ಬಿಟ್ಟುಕೊಡುವುದಿಲ್ಲ ಅಂತ.

ಬೇಸಿಲ್

*

ಹಾಲ್‌ಕೂಂಬ್
12 ಆಗಸ್ಟ್ 1988

ಬೇಸಿಲ್,

ನಿನಗಿನ್ನೂ ಮೂರು ಬಾಕಿ.

ಎನಿಡ್ ಇಲ್ಲ, ಬೇಸಿಲ್. ಹೋದ ವರ್ಷ ಜನವರಿಯಲ್ಲಿ ತೀರಿಕೊಂಡಳು. ನೀನು ಮಣ್ಣಿಗೆ ಬಂದಿದ್ದೆ. ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದೆ. ನೀನು ಚಾಚಿದ ಕೈ ನಾನು ಹಿಡಿಯಲಿಲ್ಲ.

ಹೇಳು ಎಂದಿದ್ದೆ, ಹೇಳಿದ್ದೇನೆ.

ಲಯನೆಲ್

*

ಥಾರ್ನ್‌ಬೆಕ್
20 ಆಗಸ್ಟ್ 1988

ನನ್ನ ಪ್ರೀತಿಯ ಲಯನೆಲ್,

ಈಗಷ್ಟೇ ತಿಳಿಯಿತು. ಏನು ಬರೆಯಲಿ? ಎನಿಡ್! ನಮ್ಮ ಎನಿಡ್! ನನಗೆ ಯಾರೂ ಒಂದು ತಂತಿಯನ್ನಾದರೂ ಕಳಿಸಲಿಲ್ಲವಲ್ಲ. ಗೊತ್ತಿದ್ದರೆ ತೆವಳಿಕೊಂಡಾದರೂ ಬರುತ್ತಿದ್ದೆ. ಬೆಳಗ್ಗೆಯಿಂದ ಕಿಟಕಿಯ ಹತ್ತಿರ ಕೂತು ಅಳುತ್ತಿದ್ದೇನೆ. ದಾದಿ ಬಂದು "ಹೌದು ತಾತ" ಎಂದಳು. ಅವಳ ಮೇಲೆ ಬಟ್ಟಲು ಎಸೆದೆ.

ನೋವು ಪಟ್ಟಳೇ? ನನ್ನ ಹೆಸರು ಹೇಳಿದಳೇ? ನೀನು ಒಬ್ಬನೇ ಹೇಗೆ ಇದ್ದೀಯೋ.

ನಿನ್ನ ಕೈ ಹಿಡಿದುಕೊಂಡಿದ್ದೇನೆ ಎಂದು ತಿಳಿ.

ಬೇಸಿಲ್

*

ಹಾಲ್‌ಕೂಂಬ್
26 ಆಗಸ್ಟ್ 1988

ಬೇಸಿಲ್,

ನೋವು ಪಡಲಿಲ್ಲ. ನಿನ್ನ ಹೆಸರು ಹೇಳಿದಳು. ನಾನು ಚೆನ್ನಾಗಿದ್ದೇನೆ.

ಮೊದಲ ಎರಡು ನಿಜ.

ಲಯನೆಲ್

*

ಥಾರ್ನ್‌ಬೆಕ್
14 ಸೆಪ್ಟೆಂಬರ್ 1988

ಲಯನೆಲ್,

ನಿನ್ನ ಹೆಂಡತಿಗೆ ನನ್ನ ಮೇಲೆ ಸಿಟ್ಟು ಬಂದಿದೆಯೇ? ಫೈನಲ್ ಮುಗಿದ ಮೇಲೆ ಒಂದು ಸಾಲೂ ಬರೆದಿಲ್ಲ. ನಾನು ನಿಲ್ಲಿಸಿದ್ದಕ್ಕೆ ಬೇಜಾರಾಗಿರಬೇಕು. ಅಷ್ಟು ಜನರ ಎದುರು. ಆದರೆ ಅವಳೇ ಕೇಳಿದ್ದಳಲ್ಲ! ಆಟ ಮುಗಿದಾಗಿನಿಂದ ಅವಳ ಮುಖವೇ ಕಣ್ಣ ಮುಂದೆ. ಬರಿಗೈಯಲ್ಲಿ ನಿಂತಿದ್ದಳು. ಊಟ ಸೇರುತ್ತಿಲ್ಲ.

ನೀನು ಒಂದು ಮಾತು ಕೇಳಿ ತಿಳಿಸು. ಸಿಟ್ಟಿದ್ದರೆ ಸಿಟ್ಟಿದೆ ಅಂತಲೇ ಬರೆ. ಬೇಗ ಬರೆ. ಇದೊಂದು ತಿಳಿದರೆ ಸಾಕು ನನಗೆ.

ಬೇಸಿಲ್

*

ಹಾಲ್‌ಕೂಂಬ್
20 ಸೆಪ್ಟೆಂಬರ್ 1988

ಪ್ರೀತಿಯ ಬೇಸಿಲ್,

ಎನಿಡ್‌ಗೆ ಸಿಟ್ಟೇನೂ ಇಲ್ಲ. ಕೇಳಿದೆ. ಅವಳು ನಕ್ಕು, "ಬೇಸಿಲ್‌ಗೆ ತಲೆ ಕೆಟ್ಟಿದೆ, ಊಟ ಮಾಡೋಕೆ ಹೇಳಿ" ಎಂದಳು. ಈಗ ತೋಟದಲ್ಲಿದ್ದಾಳೆ, ಗುಲಾಬಿ ಕತ್ತರಿಸುತ್ತಿದ್ದಾಳೆ. ಕೈಯೆಲ್ಲ ಮಣ್ಣಾಗಿದೆ, ಅದಕ್ಕೇ ತಾನು ಬರೆಯಲಿಲ್ಲ. ನಿನ್ನನ್ನು ಕೇಳಿದೆ ಎಂದು ತಿಳಿಸಲು ಹೇಳಿದ್ದಾಳೆ.

ಹುಲ್ಲುಹಾಸು ಒಣಗಿದೆ. ಹುಳ ಹೋಯಿತು. ನಿನ್ನ ಕೊಡತಿಯ ಹಿಡಿಗೆ ಹೊಸ ದಾರ ಸುತ್ತಿದ್ದೇನೆ.

ಊಟ ಮಾಡು.

ನಿನ್ನ,
ಲಯನೆಲ್

*

ಥಾರ್ನ್‌ಬೆಕ್
2 ಅಕ್ಟೋಬರ್ 1988

ಲಯನೆಲ್,

ನಿನ್ನ ಪತ್ರ ಬಂದ ದಿನ ಹೊಟ್ಟೆ ತುಂಬ ತಿಂದೆ. ಕೋಸು ಕೂಡ.

ಇವತ್ತು ಬೆಳಗ್ಗೆ ರೋವೆನಾ ಬಂದು ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿದಳು. ಸೆಪ್ಟೆಂಬರದು, ಅದರ ಹಿಂದೆ ಆಗಸ್ಟಿನದು. ಆಗಸ್ಟಿನ ಹಾಳೆಯ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ, ಸಣ್ಣದಾಗಿ, "ಎನಿಡ್ ಇಲ್ಲ. ಲಯನೆಲ್ ಹೇಳಿದ" ಎಂದಿದೆ. ಅಕ್ಷರ ನನ್ನದೇ. "ಲ" ಸೊಟ್ಟಗಿದೆ, ಎಡಗೈ ಹಾಳೆಯನ್ನು ಸರಿಯಾಗಿ ಹಿಡಿಯುವುದಿಲ್ಲವಲ್ಲ, ಅದಕ್ಕೆ. ಯಾವಾಗ ಬರೆದೆನೋ ನೆನಪಿಲ್ಲ.

ರೋವೆನಾಳನ್ನು ಕೇಳಿದೆ. ಅವಳು ನನ್ನ ಮುಖ ನೋಡಿದಳು, ದಾದಿಯ ಮುಖ ನೋಡಿದಳು. "ಅದೆಲ್ಲ ಯಾಕೆ ಚಿಕ್ಕಪ್ಪ ಈಗ, ಬಿಸ್ಕತ್ತು ತಗೊಳಿ" ಎಂದಳು.

ನಿನ್ನ ಪತ್ರ ಮಡಿಲಲ್ಲಿದೆ. ಅವಳು ತೋಟದಲ್ಲಿದ್ದಾಳೆ, ಕೈಯೆಲ್ಲ ಮಣ್ಣಾಗಿದೆ ಎಂದಿದೆ. ಅದೂ ನಿನ್ನದೇ ಅಕ್ಷರ. ನೀನು ಮಾತು ಕೊಟ್ಟವನು, ಸುಳ್ಳು ಬರೆಯುವುದಿಲ್ಲ. ಹಾಗಾದರೆ ಕ್ಯಾಲೆಂಡರಿನಲ್ಲಿ ಬರೆದವನು ಹುಚ್ಚ. ಅವನು ಹುಚ್ಚನಲ್ಲದಿದ್ದರೆ

ಈ ಸಾಲು ಮುಗಿಸಲಾರೆ. ಬೆಳಗ್ಗೆಯಿಂದ ಪೆನ್ಸಿಲ್ ಹಿಡಿದುಕೊಂಡು ಕೂತಿದ್ದೇನೆ. ಕ್ಯಾಲೆಂಡರಿನ ಅಕ್ಷರದ ಮೇಲೆ ಒಂದು ಗೀರು ಎಳೆದೆ. ಮತ್ತೆ ಪಕ್ಕದಲ್ಲಿ ಅದನ್ನೇ ಬರೆದೆ. ಮತ್ತೆ ಗೀರು ಎಳೆದೆ.

ನಾನು ಎಲ್ಲಿದ್ದೇನೆ, ಲಯನೆಲ್?

ಬೇಸಿಲ್